ಕ್ಲಿಯರ್ ಡೇಟಾ ಒತ್ತೋ ಮುಂಚೆ ಇದನ್ನ ಒಂದ್ಸಲ ಓದ್ರಿ

ನೋಡಿದ ಸಿನಿಮಾ ಎಲ್ಲಾ ಮೊಬೈಲ್ ಆ್ಯಪ್‌ನ್ಯಾಗ ಬರ್ಕೊಂಡು ಇಟ್ಕೊಳ್ಳೋ ಚಟ ಇರೋರಿಗೆ ಅಷ್ಟ ಇದು, ಬಾಕಿದೋರು ಸ್ಕ್ರೋಲ್ ಮಾಡ್ಕೊಂಡು ಹೋಗಬಹುದು.

ನಾನು ಗಂಗಾವತಿಯೊಳಗ ರೈಸ್ ಮಿಲ್ ಒಂದರಾಗ ಲೆಕ್ಕ ಬರೆಯೋನು. ಮಿಲ್ಲಿನ ಲೆಕ್ಕ ಟ್ಯಾಲಿಯೊಳಗ ಒಂದು, ಪೆನ್‌ಡ್ರೈವ್‌ನ್ಯಾಗ ಒಂದು, ಮಾಲಕ್ರಿಗೆ ಕಂಪ್ಯೂಟರ್ ಮ್ಯಾಲೆ ನಂಬಿಕಿ ಇಲ್ಲ ಅಂತ ಕೆಂಪು ರಟ್ಟಿನ ಬುಕ್ಕಿನ್ಯಾಗ ಇನ್ನೊಂದು, ಹಿಂಗ ಮೂರು ಕಡೆ ಇಡೋ ಮನುಷ್ಯ ನನ್ನ ಸ್ವಂತ ಲಿಸ್ಟು ಮಾತ್ರ ಒಂದ ಕಡೆ ಇಟ್ಟಿದ್ದೆ ನೋಡ್ರಿ. 2015ರ ಜುಲೈದಾಗ ಬಾಹುಬಲಿ ಬಂದಾಗ ಶುರು ಮಾಡಿದ್ದು, ತಾರೀಖು, ಯಾವ ಟಾಕೀಜು, ಯಾರ ಜೋಡಿ ಹೋಗಿದ್ದೆ, ಟಿಕೆಟ್ ಎಷ್ಟು, ಕನ್ನಡದಾಗ ನೋಡಿದ್ನೋ ತೆಲುಗಿನ್ಯಾಗೋ (ಸುತ್ತ ಕ್ಯಾಂಪ್, ಅಂದ್ರ ಆಂಧ್ರದಿಂದ ಬಂದ ತೆಲುಗು ರೈತರ ಹಳ್ಳಿ, ಇರೋ ಊರು ನಮ್ಮದು, ಇದು ಸಣ್ಣ ವಿಷ್ಯ ಅಲ್ಲ), ಎಲ್ಲಾ ಬರೀತಿದ್ದೆ. 640 ದಾಟಿತ್ತು.

ಚಟ ಅಂದ್ನಲ್ಲ, ಅದ್ರಾಗ ಮಜಾನೂ ಇತ್ತು. ನಾಕೈದು ವರ್ಷದ್ದು ಒಟ್ಟಿಗೆ ನೋಡಿದಾಗ ನನ್ನ ಜೀವನಾನ ಕಾಣ್ತಿತ್ತು ಅದ್ರಾಗ. ನವೆಂಬರ್ ಡಿಸೆಂಬರ್, ಆಮ್ಯಾಲೆ ಏಪ್ರಿಲ್ ಮೇ, ಅಂದ್ರ ಭತ್ತ ಮಿಲ್ಲಿಗೆ ಬರೋ ಟೈಮು, ಲಿಸ್ಟು ಖಾಲಿ ಖಾಲಿ. ಆ ಖಾಲಿ ಒಳಗ ಎರಡ ಕಡೆ ಮಾತ್ರ ಎದ್ದು ಕಾಣೋದು, 2018ರ ಡಿಸೆಂಬರ್ 21 ಮತ್ತ 2022ರ ಏಪ್ರಿಲ್ 14, ಎರಡೂ ಕೆಜಿಎಫ್. ಒಂದಕ್ಕ ಹೊಟ್ಟಿನೋವು ಅಂತ ಸುಳ್ಳು ಹೇಳಿದ್ದೆ, ಇನ್ನೊಂದಕ್ಕ ಅಂಬೇಡ್ಕರ್ ಜಯಂತಿ ರಜಾನ ಸಿಕ್ಕಿತ್ತು. 2020ರ ಮಾರ್ಚ್ ಆದಮ್ಯಾಲೆ ಟಾಕೀಜಿನ ಕಾಲಂ ಸೊನ್ನೆ, ಓಟಿಟಿ ಕಾಲಂ ಉಬ್ಬಿ ಹೋಗಿತ್ತು, ಲಾಕ್‌ಡೌನ್ ಮುಗಿದ ಮ್ಯಾಲೂ ಟಾಕೀಜಿಂದು ಮೊದಲಿನಷ್ಟು ಏರಲೇ ಇಲ್ಲ. ಸಿನಿಮಾ ಮ್ಯಾಲಿನ ಪ್ರೀತಿ ಕಮ್ಮಿ ಆತು ಅನ್ಕೊಂಡಿದ್ದೆ, ಲಿಸ್ಟ್ ನೋಡಿದ್ರ ಹಂಗಲ್ಲ, ಜೋಡಿ ಬರೋರು ಕಮ್ಮಿ ಆಗಿದ್ರು.

ಈಗ ಆದದ್ದು ಕೇಳ್ರಿ. ಹೋದ ಬ್ಯಾಸಗಿಯೊಳಗ ಮೊಬೈಲು ಸ್ಟೋರೇಜ್ ಫುಲ್ ಅಂತ ಒಂದ ಸಮ ಕಿರಿಕಿರಿ. ಅಕ್ಕನ ಮಗ ಬಂದಿದ್ದ, ಕೊಡು ಮಾಮಾ ನಾನು ಸಾಫ್ ಮಾಡ್ತೀನಿ ಅಂದ, ಕೊಟ್ಟೆ. "ಮಾಮಾ ಇದೊಂದ ಆ್ಯಪು 400 ಎಂಬಿ ತಿಂದೈತಿ ನೋಡು" ಅಂದಾವ್ನ ಕ್ಲಿಯರ್ ಡೇಟಾ ಒತ್ತೇಬಿಟ್ಟ. ಅಷ್ಟ. ತಗದ್ ನೋಡಿದ್ರ ವೆಲ್‌ಕಮ್ ಅಂತ ಬಂತು.

ಹುಡುಗಂದು ತಪ್ಪಿಲ್ಲ ಬಿಡ್ರಿ. ಆ 400 ಎಂಬಿ ನನ್ನ ಲಿಸ್ಟು ಅಲ್ಲ, ಅಷ್ಟೂ ಸಿನಿಮಾ ಪೋಸ್ಟರ್, ಬರದಿದ್ದ ಅಕ್ಷರ ಎಲ್ಲಾ ಸೇರಿದ್ರೂ ಒಂದು ಫೋಟೋದಷ್ಟು ಆಗಲ್ಲ. ಕ್ಲಿಯರ್ ಕ್ಯಾಶ್ ಒತ್ತಿದ್ರ ಪೋಸ್ಟರ್ ಅಷ್ಟ ಹೋಗ್ತಿದ್ವು, ಕ್ಲಿಯರ್ ಡೇಟಾ ಒತ್ತಿದ್ರ ಆ್ಯಪು ಆಗಷ್ಟ ಹಾಕಿದಂಗ ಆಗ್ತೈತಿ. ಎರಡೂ ಬಟನ್ನು ಬಾಜೂಬಾಜೂ ಇರ್ತಾವ. ನನ್ನ ತಪ್ಪು ಏನಂದ್ರ ಲಾಗಿನ್ ಆಗೋದು ಯಾಕ ಅಂತ ಮೊದಲ ದಿನದಿಂದನೂ ಗೆಸ್ಟ್ ಅಂತ ನಡೆಸಿದ್ದೆ, ಹಂಗಾಗಿ ಎಲ್ಲಾ ಮೊಬೈಲ್ ಒಳಗ ಅಷ್ಟ ಇತ್ತು, ಲಿಸ್ಟು ಹೊರಗ ತಗಿಯಾಕ ಎಕ್ಸ್‌ಪೋರ್ಟ್ ಬೇಕಂದ್ರ ರೊಕ್ಕ ಕಟ್ಟು ಅಂತಿತ್ತು, ಆ ಬೋರ್ಡು ಬಂದಾಗೆಲ್ಲಾ ಇಂಟು ಒತ್ತಿ ತಗದೀನಿ. ಆ್ಯಪ್‌ನೋರಿಗೆ ಮೇಲ್ ಹಾಕಿದೆ, ಮೂರು ದಿನಕ್ಕ ಉತ್ತರ ಬಂತು, ನಮ್ಮ ಕಡೆ ನಿಮ್ಮದು ಏನೂ ಇಲ್ಲ ಅಂತ.

ಆ ಬ್ಯಾಸರದಾಗ ಇನ್ನೊಂದು ಕಡೆ ಬಿದ್ದೆ. ಡಿಲೀಟ್ ಆದದ್ದು ವಾಪಸ್ ತರ್ತೀವಿ ಅನ್ನೋ ಆ್ಯಪು, ಕಾಂಟ್ಯಾಕ್ಟ್ ಫೋಟೋ ಎಸ್ಎಂಎಸ್ ಎಲ್ಲಾ ಪರ್ಮಿಷನ್ ಕೇಳ್ತು, ಕೊಟ್ಟೆ, 1 ರೂಪಾಯಿ ಅಂದದ್ದು ಆಟೋಪೇ, ಅಂದ್ರ ಕೇಳದನ ತಾನ ರೊಕ್ಕ ಕಟ್ ಆಗೋದು, ಹಚ್ಚಿಕೊಂಡು ಕುಂತಿತ್ತು. ತಂದಿದ್ದು ಮಾತ್ರ ಹಳೇ ಗುಡ್ ಮಾರ್ನಿಂಗ್ ಫೋಟೋ. ಯುಪಿಐ ಆ್ಯಪ್ ಒಳಗ ಆಟೋಪೇ ಅಂತ ಇರ್ತೈತಿ, ಅಲ್ಲಿ ಹೋಗಿ ಕ್ಯಾನ್ಸಲ್ ಮಾಡಿದೆ. ಬರೇ ಆ್ಯಪ್ ತಗದ್ರ ಆಟೋಪೇ ಹೋಗಲ್ಲ, ನೆನಪಿಡ್ರಿ.

ಆಮ್ಯಾಲೆ ಹುಡುಕಾಕ ಶುರು ಮಾಡಿದೆ. ಬುಕ್‌ಮೈಶೋ ಮೇಲ್ ಇದ್ವು, ಅವು ಬಂಗಾರ. ನೆಟ್‌ಫ್ಲಿಕ್ಸ್‌ನ್ಯಾಗ ಬ್ರೌಸರ್‌ದಿಂದ ಅಕೌಂಟಿಗೆ ಹೋಗಿ ವ್ಯೂಯಿಂಗ್ ಆಕ್ಟಿವಿಟಿ ತಗದ್ರ ನೋಡಿದ್ದೆಲ್ಲಾ ತಾರೀಖು ಸಮೇತ ಡೌನ್‌ಲೋಡ್ ಆಗ್ತೈತಿ, ಆದ್ರ ಅದು ಪ್ರೊಫೈಲ್ ಲೆಕ್ಕದಾಗ, ನನ್ನ ಪ್ರೊಫೈಲ್‌ನ್ಯಾಗ ಅಕ್ಕನ ಮಕ್ಕಳು ನೋಡಿದ ಕಾರ್ಟೂನ ಅರ್ಧ ಇದ್ವು, ಒಂದೊಂದ ಆರಿಸಿ ತಗಿಯೋದ್ರಾಗ ಕಣ್ಣು ಹೋದ್ವು. ಹುಬ್ಬಳ್ಳಿ ಮಾಲ್‌ನ್ಯಾಗ ನೋಡಿದ್ದಕ್ಕ ಟಿಕೆಟ್ ಬೀರುವಿನ್ಯಾಗ ಜ್ವಾಪಾನ ಇಟ್ಟಿದ್ದೆ, ತಗದ್ ನೋಡಿದ್ರ ಎಲ್ಲಾ ಬಿಳೇ ಹಾಳಿ. ಅದು ಥರ್ಮಲ್ ಪೇಪರ್ರಿ, ಶಾಯಿ ಇರಲ್ಲ, ಕಾವಿಗೆ ಕರ್ರಗಾಗೋ ಹಾಳಿ, ದಿನ ಕಳೆದಂಗ ಅಳಿಸಿ ಹೋಗ್ತೈತಿ, ನಮ್ಮ ಕಡೆ ಬಿಸಲಾಗ ಇನ್ನೂ ಲಗೂನ. ಇಟ್ಕೊಳ್ಳೋರು ಅವತ್ತ ಫೋಟೋ ಹೊಡ್ಕೋರಿ. ಊರ ಟಾಕೀಜಿಂದು ರೊಕ್ಕ ಕೊಟ್ಟು ತಗೊಂಡ ಟಿಕೆಟ್, ಅದಕ್ಕ ಗುರ್ತ ಇಲ್ಲ.

210 ಸಿಕ್ಕಾವ. ಈಗ ಗೂಗಲ್ ಶೀಟಿನ್ಯಾಗ ಬರೀತೀನಿ, ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಮಿಲ್ಲಿನ ಪೆನ್‌ಡ್ರೈವ್‌ನ್ಯಾಗ ಹಾಕ್ತೀನಿ (ಮಾಲಕ್ರಿಗೆ ಹೇಳಬ್ಯಾಡ್ರಿ).

ಮೊದಲ ಗೆಳೆಯಾರ ನಡುವೆ ಯಾವ ಸಿನಿಮಾ ಯಾವಾಗ ನೋಡಿದ್ವಿ ಅಂತ ಜಗಳ ಬಂದ್ರ ನನಗ ಫೋನ್ ಮಾಡೋರು. ಮೊನ್ನೆ ಕ್ಯಾಂಪಿನ ಗೆಳೆಯ ಒಬ್ಬಾವ ಆರ್‌ಆರ್‌ಆರ್ ನಾವು ಕನ್ನಡದಾಗ ನೋಡಿದ್ವಿ ಅಂತ ಹಟ ಹಿಡದ, ತೆಲುಗು ಅಂತ ನನಗ ಗ್ಯಾರಂಟಿ, ಲಿಸ್ಟ್ ತೋರಿಸು ಅಂದ. ಒಂದು ಪ್ಲೇಟ್ ಒಗ್ಗಾಣಿ ಮಿರ್ಚಿ ಕೊಡಿಸಿ ಬಂದೆ.