ತಾಲ್ಲೂಕು, ಹೋಬಳಿ ಆರಿಸುವ ಪಟ್ಟಿಗೆ ಡ್ರಾಪ್‌ಡೌನ್ ವಾಸಿಯೋ, ಸ್ಲೈಸರ್ ವಾಸಿಯೋ?

ಮಂಡ್ಯ ಜಿಲ್ಲೆಯ ಏಳೂ ತಾಲ್ಲೂಕಿಗೆ ಗೊಬ್ಬರ, ಬಿತ್ತನೆ ಬೀಜ ಕಳಿಸುವ ಅಂಗಡಿಯ ಮಾರಾಟ ವರದಿಗೆ ಎಕ್ಸೆಲ್ ಸ್ಲೈಸರೇ (ಪಿವೋಟ್ ಟೇಬಲ್ ಎಂಬ ಸಾರಾಂಶ ಕೋಷ್ಟಕವನ್ನು ಗುಂಡಿ ಒತ್ತಿ ಸೋಸುವ ಪಟ್ಟಿ) ಸರಿ. ಡೇಟಾ ವ್ಯಾಲಿಡೇಶನ್ ಡ್ರಾಪ್‌ಡೌನ್ (ಸೆಲ್‌ನಲ್ಲೇ ತೆರೆದುಕೊಳ್ಳುವ ಆಯ್ಕೆ ಪಟ್ಟಿ), ಮೈಕ್ರೋಸಾಫ್ಟ್‌ನ ವರದಿ ತಂತ್ರಾಂಶ ಪವರ್ ಬಿಐ ಎರಡನ್ನೂ ಇದೇ ಕೆಲಸಕ್ಕೆ ಹಾಕಿ ನೋಡಿಯೇ ಈ ಮಾತು.

ಡ್ರಾಪ್‌ಡೌನ್ ಕೈ ಕೊಡುವುದು ಒಂದು ಪಟ್ಟಿ ಇನ್ನೊಂದನ್ನು ನೆಚ್ಚಿಕೊಂಡಾಗ. ಮದ್ದೂರು ಆರಿಸಿದರೆ ಪಕ್ಕದ ಸೆಲ್‌ನಲ್ಲಿ ಕೊಪ್ಪ, ಆತಗೂರು, ಚಿಕ್ಕರಸಿನಕೆರೆ ಬರಬೇಕು. ಪ್ರತಿ ತಾಲ್ಲೂಕಿನ ಹೋಬಳಿ ಪಟ್ಟಿಗೆ (ರೇಂಜ್) ಆ ತಾಲ್ಲೂಕಿನದೇ ಹೆಸರಿಟ್ಟು ಇನ್‌ಡೈರೆಕ್ಟ್ ಫಾರ್ಮುಲಾ ಹಾಕಿದರೆ ಬರುತ್ತವೆ. ಈಗ ಕೊಪ್ಪ ಆರಿಸಿ, ಆಮೇಲೆ ತಾಲ್ಲೂಕನ್ನು ಮಳವಳ್ಳಿಗೆ ಬದಲಿಸಿ. ಕೊಪ್ಪ ಅಲ್ಲೇ ಕೂತಿರುತ್ತದೆ! ಸೆಲ್‌ಗೆ ಏನನ್ನಾದರೂ ತುಂಬುವಾಗ ಮಾತ್ರ ವ್ಯಾಲಿಡೇಶನ್ ಪರೀಕ್ಷಿಸುತ್ತದೆ. ಆಮೇಲೆ ಪಟ್ಟಿ ಬದಲಾದರೂ ಹಳೆಯದನ್ನು ಅಳಿಸುವುದಿಲ್ಲ, ಎಚ್ಚರಿಸುವುದೂ ಇಲ್ಲ. ಆರಿಸಿದ ಜೋಡಿಯ ಮಾರಾಟ ಕೂಡುವ ಸಮ್‌ಇಫ್ಸ್ ಫಾರ್ಮುಲಾ ಸೊನ್ನೆ ತೋರಿಸುತ್ತದೆ. ನೋಡಿದವರು ಮಳವಳ್ಳಿ ಕಡೆ ವ್ಯಾಪಾರವೇ ಆಗಿಲ್ಲ ಅಂದುಕೊಳ್ಳುತ್ತಾರೆ. ಇದಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕೌಂಟ್‌ಇಫ್ಸ್ ಕೊಟ್ಟು, ಆ ತಾಲ್ಲೂಕು-ಹೋಬಳಿ ಜೋಡಿ ಮಾಸ್ಟರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಸೆಲ್ ಕೆಂಪಾಗುವಂತೆ ಮಾಡಬೇಕು. ರೇಂಜ್ ಹೆಸರಿನಲ್ಲಿ ಸ್ಪೇಸ್ ಇರುವಂತಿಲ್ಲವಾದ್ದರಿಂದ ‘ಕೆ.ಆರ್. ಪೇಟೆ’ಯಲ್ಲಿ ಇನ್‌ಡೈರೆಕ್ಟ್ ಮುಗ್ಗರಿಸುತ್ತದೆ. ಬೇರೆ ಸೆಲ್ ಕಾಪಿ ಮಾಡಿ ಮೇಲೆ ಪೇಸ್ಟ್ ಮಾಡಿದರೆ ಡ್ರಾಪ್‌ಡೌನೇ ಮಾಯ.

ಸ್ಲೈಸರ್‌ನಲ್ಲಿ ಈ ಗೋಳಿಲ್ಲ. ಮಳವಳ್ಳಿ ಒತ್ತಿದರೆ ಅಲ್ಲಿಗೆ ಸೇರದ ಹೋಬಳಿಗಳು ಮಂಕಾಗಿ ಕೆಳಗೆ ಸರಿಯುತ್ತವೆ. ಸ್ಲೈಸರ್ ಸೆಟ್ಟಿಂಗ್ಸ್‌ನಲ್ಲಿ ‘ಹೈಡ್ ಐಟಮ್ಸ್ ವಿತ್ ನೋ ಡೇಟಾ’ಗೆ ಟಿಕ್ ಹಾಕಿದರೆ ಕಾಣುವುದೇ ಇಲ್ಲ. ಹಾಗಂತ ಪೂರ್ತಿ ನಿಶ್ಚಿಂತೆಯೂ ಅಲ್ಲ. ಹೆಸರು ತಿದ್ದಿ ರಿಫ್ರೆಶ್ ಮಾಡಿದರೂ ಹಳೆಯ ಹೆಸರು ಉಳಿದುಬಿಡುತ್ತದೆ. ಪಿವೋಟ್ ಟೇಬಲ್ ಆಪ್ಷನ್ಸ್‌ನ ಡೇಟಾ ಟ್ಯಾಬ್‌ನಲ್ಲಿ ‘ನಂಬರ್ ಆಫ್ ಐಟಮ್ಸ್ ಟು ರಿಟೇನ್ ಪರ್ ಫೀಲ್ಡ್’ ಅನ್ನು ‘ನನ್’ ಮಾಡಿ ಮತ್ತೆ ರಿಫ್ರೆಶ್ ಒತ್ತಿ. ಒಂದೇ ಹೆಸರು ಎರಡು ಸಲ ಬಂದರೆ ಕೊನೆಯಲ್ಲಿ ಸ್ಪೇಸ್ ಇದೆ ಎಂದೇ ಲೆಕ್ಕ. ವೆಬ್‌ಸೈಟಿನಿಂದ ಕಾಪಿ ಮಾಡಿದ್ದರೆ ಅದು ಅಕ್ಷರ ಸಂಕೇತ 160ರ (ನಾನ್-ಬ್ರೇಕಿಂಗ್) ಸ್ಪೇಸ್ ಇರಬಹುದು. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಅದನ್ನು ಮುಟ್ಟುವುದಿಲ್ಲ, ಒಂದು ಅಕ್ಷರದ ಬದಲು ಇನ್ನೊಂದನ್ನು ಹಾಕುವ ಸಬ್‌ಸ್ಟಿಟ್ಯೂಟ್ ಬೇಕು.

ಯಾವುದನ್ನು ಬಳಸಿದರೂ ತಪ್ಪದ ತಲೆನೋವು ಕಸಬಾ ಹೋಬಳಿ. ತಾಲ್ಲೂಕು ತಾಲ್ಲೂಕಿಗೂ ಒಂದು ಕಸಬಾ ಇದೆ. ಬರೀ ಹೋಬಳಿ ಕಾಲಂ ಮೇಲೆ ಪಟ್ಟಿ ಕಟ್ಟಿದರೆ ಮದ್ದೂರಿನ ಕಸಬಾ, ನಾಗಮಂಗಲದ ಕಸಬಾ ಎಲ್ಲ ಒಂದೇ ಸಾಲಾಗಿ ಮೊತ್ತ ಕೂಡಿಕೊಳ್ಳುತ್ತದೆ. ಮೂಲ ಟೇಬಲ್‌ನಲ್ಲೇ ತಾಲ್ಲೂಕು, ಹೋಬಳಿ ಎರಡನ್ನೂ & ಹಾಕಿ ಜೋಡಿಸಿದ ಇನ್ನೊಂದು ಕಾಲಂ ಮಾಡಿ, ‘ಮದ್ದೂರು - ಕಸಬಾ’ ಅನ್ನುವ ಹಾಗೆ. ಪಟ್ಟಿಯನ್ನು ಅದರ ಮೇಲೆ ಕಟ್ಟಿ.

ಪವರ್ ಬಿಐ ಪಟ್ಟಿಗಳು ನೋಡಲು ಚೆಂದ, ಹುಡುಕುವ ಸೌಲಭ್ಯವೂ ಇದೆ. ಡೆಸ್ಕ್‌ಟಾಪ್ ಆವೃತ್ತಿ ಉಚಿತವೇ. ವರದಿಯನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳಲು ಹೊರಟರೆ ಸಾಮಾನ್ಯವಾಗಿ ನೋಡುವವರಿಗೂ ತಲಾ ಒಂದು ಪ್ರೊ ಲೈಸೆನ್ಸ್ ಬೇಕು. ನಾಲ್ಕೈದು ಜನರ ಅಂಗಡಿಗೆ ಪ್ರತಿ ತಿಂಗಳು ಆ ಖರ್ಚು ಯಾಕೆ? ಎಕ್ಸೆಲ್ ಹೇಗೂ ಕಂಪ್ಯೂಟರಿನಲ್ಲಿದೆ.

ಡ್ರಾಪ್‌ಡೌನ್ ಅನ್ನು ದಿನದ ಬಿಲ್ ತುಂಬುವ ಹಾಳೆಯಲ್ಲಿ ಉಳಿಸಿಕೊಳ್ಳಿ, ಅಲ್ಲಿ ಅದಕ್ಕೆ ಸಾಟಿಯಿಲ್ಲ. ವರದಿ ಹಾಳೆಗೆ ಪ್ರೊಟೆಕ್ಟ್ ಹಾಕುವುದಾದರೆ ಮೊದಲು ಸ್ಲೈಸರ್‌ನ ಪ್ರಾಪರ್ಟೀಸ್‌ನಲ್ಲಿ ‘ಲಾಕ್ಡ್’ ಟಿಕ್ ತೆಗೆಯಿರಿ. ಪ್ರೊಟೆಕ್ಟ್ ಮಾಡುವಾಗ ಪಿವೋಟ್ ಬಳಕೆಗೆ ಅನುಮತಿ ಕೊಡಿ. ಇಲ್ಲದಿದ್ದರೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ.