ಕರಾವಳಿಯ ಲ್ಯಾಬಿನಲ್ಲಿ ಪೆರೋವ್‌ಸ್ಕೈಟ್ ಇಂಕ್‌ಜೆಟ್ ಪ್ರಿಂಟರ್: ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

ಬೆಳಕನ್ನು ವಿದ್ಯುತ್ತಾಗಿಸಬಲ್ಲ ಹರಳು ವಸ್ತುವಾದ ಪೆರೋವ್‌ಸ್ಕೈಟ್‌ನ ಪದರಗಳನ್ನು ಗಾಜಿನ ಮೇಲೆ ಮುದ್ರಿಸಿ ಬೆಳಕಿನ ಸೆನ್ಸರ್‌ಗಳನ್ನೂ ಸಣ್ಣ ಸೌರಕೋಶಗಳನ್ನೂ ತಯಾರಿಸಲೆಂದು ಮಂಗಳೂರಿನ ನಮ್ಮ ಲ್ಯಾಬಿಗೆ ತರಿಸಿದ, ಮೇಜಿನ ಮೇಲೆ ಕೂರುವ ಪೀಜೋ (ವೋಲ್ಟೇಜ್ ಕೊಟ್ಟಾಗ ಆಕಾರ ಬದಲಿಸುವ ವಸ್ತುವಿನಿಂದ ಇಂಕನ್ನು ಹನಿಯಾಗಿ ತಳ್ಳುವ) ಇಂಕ್‌ಜೆಟ್ ಪ್ರಿಂಟರ್‌ನ ವಿಮರ್ಶೆ ಇದು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಹೇಳಬೇಕಾದ ಬಹುಪಾಲು ಮಾತು ಈ ವರ್ಗದ ಯಾವ ಯಂತ್ರಕ್ಕೂ ಸಲ್ಲುತ್ತದೆ.

ಹನಿ ಬೀಳಿಸುವ ಕೆಲಸದಲ್ಲಿ ಯಂತ್ರ ಅಚ್ಚುಕಟ್ಟಾಗಿದೆ. ಕಾರ್ಟ್ರಿಜ್‌ನ 16 ನಾಜಲ್‌ಗಳು ತಲಾ 10 ಪಿಕೋಲೀಟರ್‌ನಷ್ಟು, ಅಂದರೆ ಸುಮಾರು 27 ಮೈಕ್ರಾನ್ ವ್ಯಾಸದ ಹನಿಗಳನ್ನು ಬೇಕಾದ ಜಾಗಕ್ಕೆ ಮಾತ್ರ ಉದುರಿಸುತ್ತವೆ. ಗಾಜನ್ನು ವೇಗವಾಗಿ ತಿರುಗಿಸಿ ಪದರ ಹರಡುವ ಸ್ಪಿನ್ ಕೋಟಿಂಗ್‌ನಲ್ಲಿ ಸುರಿದ ದ್ರಾವಣದ ಹೆಚ್ಚಿನ ಪಾಲು ಗಾಜಿನಿಂದ ಆಚೆಗೆ ಸಿಡಿದುಹೋಗುತ್ತದೆ, ಮತ್ತು ಅದರಲ್ಲಿ ಸೀಸ ಇರುವುದರಿಂದ ಆ ತ್ಯಾಜ್ಯವನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಇಲ್ಲಿ ಆ ತಲೆನೋವು ಬಹಳ ಕಡಿಮೆ. ವಿನ್ಯಾಸ ಬದಲಿಸಲು ಮಾಸ್ಕ್ (ವಿನ್ಯಾಸ ಕೊರೆದ ಹಾಳೆ) ಮಾಡಿಸಬೇಕಾಗಿಯೂ ಇಲ್ಲ. ಕಂಪ್ಯೂಟರಿನಲ್ಲಿ ಚಿತ್ರ ತಿದ್ದಿದರೆ ಸಾಕು.

ಇಂಕಿನ ವಿಷಯದಲ್ಲಿ ತಾಳ್ಮೆ ಬೇಕು. ಇಂಥ ಪ್ರಿಂಟ್‌ಹೆಡ್‌ಗಳು ಸುಮಾರು 10 ಸೆಂಟಿಪಾಯ್ಸ್ ಸ್ನಿಗ್ಧತೆಯ (ನೀರಿನದು ಸುಮಾರು ಒಂದು) ದ್ರವವನ್ನು ಇಷ್ಟಪಡುತ್ತವೆ. ಪೆರೋವ್‌ಸ್ಕೈಟ್‌ಗೆ ವಾಡಿಕೆಯಲ್ಲಿರುವ ಡಿಎಂಎಫ್ ದ್ರಾವಕ ಒಂದು ಸೆಂಟಿಪಾಯ್ಸ್ ಕೂಡ ಮುಟ್ಟುವುದಿಲ್ಲ. ಡಿಎಂಎಸ್‌ಓ ಎಂಬ, ಇದಕ್ಕಿಂತ ಮಂದವಾದ ದ್ರಾವಕ ಬೆರೆಸಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಯಂತ್ರದೊಳಗಿನ ಕ್ಯಾಮೆರಾ ನಿಜಕ್ಕೂ ಮೆಚ್ಚುವಂಥದ್ದು: ಹನಿ ನಾಜಲ್ ಬಿಡುವಾಗ ಹಿಂದೆ ಉದ್ದನೆಯ ಬಾಲ ಎಳೆಯುವುದು, ಆ ಬಾಲ ತುಂಡಾಗಿ ಪಕ್ಕದಲ್ಲೇ ಮರಿಹನಿಯಾಗುವುದು, ವೋಲ್ಟೇಜ್ ಸ್ವಲ್ಪ ಇಳಿಸಿದೊಡನೆ ಎರಡೂ ಒಂದಾಗುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಊಟಕ್ಕೆ ಹೋಗುವಾಗ ಹೆಡ್ಡನ್ನು ಹಾಗೆಯೇ ಬಿಟ್ಟರೆ ಮಾತ್ರ ನಾಜಲ್ ಬಾಯಲ್ಲಿ ಉಪ್ಪು ಹರಳುಗಟ್ಟಿ, ಮರಳಿ ಬಂದಾಗ ಹನಿಗಳು ಓರೆಯಾಗಿ ಬೀಳುತ್ತಿರುತ್ತವೆ.

ಆದರೆ ಪದರದ ಗುಣ ನಿರ್ಧಾರವಾಗುವುದು ಹನಿ ಬೀಳುವಾಗ ಅಲ್ಲ, ಬಿದ್ದ ಹನಿಗಳು ಕೂಡಿಕೊಂಡು ಒಣಗುವಾಗ. ನಿಧಾನವಾಗಿ ಒಣಗಿದರೆ ದ್ರವ ಅಂಚಿನತ್ತ ಹರಿದು ಅಲ್ಲಿ ದಪ್ಪನೆಯ ಉಂಗುರ ಕಟ್ಟುತ್ತದೆ, ಮಧ್ಯದಲ್ಲಿ ಸೂಜಿಯಂಥ ಹರಳುಗಳು ಬೆಳೆದು ನಡುವೆ ರಂಧ್ರಗಳು ಉಳಿಯುತ್ತವೆ, ಮೇಲೆ ಲೋಹದ ಎಲೆಕ್ಟ್ರೋಡ್ ಹಾಕಿದಾಗ ಆ ರಂಧ್ರಗಳಲ್ಲೇ ಶಾರ್ಟ್ ಆಗುತ್ತದೆ. ಒದ್ದೆ ಪದರವನ್ನು ಕೂಡಲೇ ವ್ಯಾಕ್ಯೂಮ್ ಚೇಂಬರಿಗೆ ಹಾಕಿ ದ್ರಾವಕವನ್ನು ಎಳೆದುಬಿಟ್ಟರೆ, ತಿಳಿ ಹಳದಿಯಾಗಿದ್ದದ್ದು ನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಂತರ 100 ಡಿಗ್ರಿಯ ಹಾಟ್ ಪ್ಲೇಟ್ ಮೇಲೆ ಇಟ್ಟರೆ ಕನ್ನಡಿಯಂತೆ ಹೊಳೆಯುವ ಕಪ್ಪು ಪದರ ಸಿಗುತ್ತದೆ. ಈ ಚೇಂಬರ್ ಯಂತ್ರದೊಂದಿಗೆ ಬರುವುದಿಲ್ಲ, ಕೊಟೇಶನ್ನಿನಲ್ಲಿ ಅದರ ಸೊಲ್ಲೂ ಇರಲಿಲ್ಲ. ನನ್ನ ದೊಡ್ಡ ತಕರಾರು ಇದೇ. ಯಂತ್ರದಲ್ಲಿ ಗಾಜು ಇಡುವ ಬಿಸಿ ಹಾಸು ಈ ಚೇಂಬರಿಗೆ ಬದಲಿಯಾಗಲಾರದು. 2020ರಲ್ಲಿ ಜರ್ಮನಿಯ ಕಾರ್ಲ್ಸ್‌ರೂ ತಂತ್ರಜ್ಞಾನ ಸಂಸ್ಥೆಯವರು ಇಂಕ್‌ಜೆಟ್ ಪದರದಿಂದ ಸೌರಕೋಶದಲ್ಲಿ ಶೇ. 20ಕ್ಕೂ ಮೀರಿದ ದಕ್ಷತೆ (ಬಿದ್ದ ಬೆಳಕಿನಲ್ಲಿ ವಿದ್ಯುತ್ತಾಗುವ ಪಾಲು) ಪಡೆದರು. ಅದೇ ವರ್ಷ ಪ್ಯಾನಾಸೋನಿಕ್ 30 ಸೆಂಟಿಮೀಟರ್ ಚೌಕದ ಇಂಕ್‌ಜೆಟ್ ಮಾಡ್ಯೂಲ್‌ನಲ್ಲಿ ಶೇ. 16.09 ತೋರಿಸಿತು. ಮಾರಾಟಗಾರರು ಇಂಥ ಅಂಕಿಗಳನ್ನು ಮುಂದಿಟ್ಟಾಗ, ಅವು ಬರೀ ಪ್ರಿಂಟರ್‌ನಿಂದ ಬಂದವಲ್ಲ, ಒಣಗಿಸುವ ಏರ್ಪಾಡಿನಿಂದಲೂ ಬಂದವು ಎಂಬುದನ್ನು ನೆನಪಿಡಬೇಕು.

ಇನ್ನು ನಮ್ಮೂರಿನ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಕ್ಕೇ ಬೂಸ್ಟು ಹಿಡಿಯುವ ಊರಿನಲ್ಲಿ, ಎಸಿಯೊಂದನ್ನೇ ನಂಬಿ ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡ್ ಎಂಬ ಪೆರೋವ್‌ಸ್ಕೈಟ್ ಮುದ್ರಿಸಲು ಕೂರುವುದು ದುಸ್ಸಾಹಸ. ಡಿಎಂಎಸ್‌ಓ ಗಾಳಿಯ ನೀರನ್ನು ಹೀರುತ್ತದೆ, ಆದ ಪದರವೂ ತೇವಕ್ಕೆ ಸಿಕ್ಕಿ ಕ್ರಮೇಣ ಲೆಡ್ ಅಯೊಡೈಡ್‌ನ ಹಳದಿಗೆ ಮರಳುತ್ತದೆ. ಹೊರಗಿನಿಂದ ಕೈಗವಸಿನ ಮೂಲಕ ಕೆಲಸ ಮಾಡುವ, ನೈಟ್ರೋಜನ್ ತುಂಬಿದ ಗ್ಲೋವ್ ಬಾಕ್ಸ್‌ನೊಳಗೆ ಯಂತ್ರ ಇಡುವುದೇ ಸರಿಯಾದ ದಾರಿ. ಆರ್ಡರ್ ಕೊಡುವ ಮುನ್ನ ಬಾಕ್ಸ್‌ನ ಬಾಗಿಲಿನ ಅಳತೆ ತೆಗೆದುಕೊಳ್ಳಿ. ನಾವು ಸದ್ಯಕ್ಕೆ ಅಕ್ರಿಲಿಕ್ ಗೂಡು ಕಟ್ಟಿಸಿ ನೈಟ್ರೋಜನ್ ಹಾಯಿಸುತ್ತಿದ್ದೇವೆ. ಜನವರಿಯಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಹೆಚ್ಚು ತಾಳಿಕೆಯುಳ್ಳ, ಹಸಿರು ಬೆಳಕು ಸೂಸುವ ಸೀಸಿಯಂ ಲೆಡ್ ಬ್ರೋಮೈಡ್ ಎಂಬ ಇನ್ನೊಂದು ಪೆರೋವ್‌ಸ್ಕೈಟ್‌ನ ಕೆಲಸವನ್ನಷ್ಟೇ ಇಟ್ಟುಕೊಳ್ಳುತ್ತೇವೆ.

ಸರ್ವಿಸ್ ಸಾಧಾರಣ. ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು, ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅವರ ಬರವು ಮುಂದಕ್ಕೆ ಹೋಗುತ್ತದೆ. ಬಳಸಿ ಎಸೆಯುವ ಕಾರ್ಟ್ರಿಜ್‌ಗಳು ವಿದೇಶದಿಂದ ಬರುವುದರಿಂದ ಮೊದಲ ಆರ್ಡರ್‌ನಲ್ಲೇ ಧಾರಾಳವಾಗಿ ತರಿಸಿಕೊಳ್ಳುವುದು ಒಳ್ಳೆಯದು. ಯುಪಿಎಸ್ ಇಲ್ಲದಿದ್ದರೆ, ಮುದ್ರಣದ ನಡುವೆ ಒಮ್ಮೆ ಕರೆಂಟು ಹೋದರೂ ಆ ಗಾಜು ಕೆಟ್ಟಂತೆಯೇ.

ಸೆನ್ಸರ್‌ಗಳ ಸಾಲು, ಬೆಳಕಿನ ಬಣ್ಣ ಬದಲಿಸುವ ಚುಕ್ಕೆಗಳು ಮುಂತಾಗಿ ವಿನ್ಯಾಸ ಬೇಡುವ ಕೆಲಸವಿದ್ದವರು ಈ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಇಡೀ ಗಾಜಿಗೆ ಒಂದೇ ಸಮನೆ ಪದರ ಹಾಕಿ ಸೌರಕೋಶ ಮಾಡುವುದಷ್ಟೇ ಗುರಿಯಾದರೆ ಅಲಗಿನಿಂದ ದ್ರಾವಣ ಸವರುವ ಬ್ಲೇಡ್ ಕೋಟಿಂಗ್ ಅಗ್ಗವೂ ಹೌದು, ಸಲೀಸೂ ಹೌದು. ಕೊಳ್ಳುವುದೆಂದು ತೀರ್ಮಾನಿಸಿದರೆ, ಕಂಪನಿಯವರು ತಮ್ಮ ಬೆಳ್ಳಿಯ ಇಂಕಿನಲ್ಲಿ ತೋರಿಸುವ ಡೆಮೊಗೆ ಒಪ್ಪಬೇಡಿ. ನಿಮ್ಮದೇ ಪೆರೋವ್‌ಸ್ಕೈಟ್ ಇಂಕನ್ನು ಕೊಟ್ಟು, ಮುದ್ರಿಸಿ ಒಣಗಿಸಿದ ಗಾಜನ್ನು ಕೈಗೆ ಕೊಡಿ ಎಂದು ಕೇಳಿ.