ವರ್ಚುವಲ್ ಪೇಷೆಂಟ್ ತಂತ್ರಾಂಶ: ಪಾಠ ಮಾಡುವವಳ ದೀರ್ಘಕಾಲದ ಬಳಕೆಯ ಅನುಭವ

ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುವ ನಾನು ಕೆಲವು ವರ್ಷಗಳಿಂದ ಅಂತಿಮ ವರ್ಷದವರಿಗೆ ಕಂಪ್ಯೂಟರಿನ ವರ್ಚುವಲ್ ಪೇಷೆಂಟ್ ಕೇಸುಗಳನ್ನು, ಅಂದರೆ ಪರದೆಯ ಮೇಲಿನ ಕಾಲ್ಪನಿಕ ರೋಗಿಗಳನ್ನು, ಕೊಡುತ್ತಿದ್ದೇನೆ. ಯಾವುದರ ನಂತರ ಯಾವುದನ್ನು ಯೋಚಿಸಬೇಕು ಅನ್ನುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಪಕ್ಕದಲ್ಲಿ ಬೋಧಕರು ಕೂರದಿದ್ದರೆ ಮಾತ್ರ ಅರ್ಧಕ್ಕರ್ಧ ಲಾಭ ಹೋಗುತ್ತದೆ.

ಒಂದು ಕೇಸ್ ಹೇಳುತ್ತೇನೆ. ಮಧ್ಯವಯಸ್ಸಿನ ಗಂಡಸು, ಎದೆನೋವು, ಬಹಳ ದಿನದಿಂದ ಬಿಪಿ ಇದೆ. ಇಸಿಜಿಯಲ್ಲಿ ಲೀಡ್ 2, 3 ಮತ್ತು ಎವಿಎಫ್‌ನಲ್ಲಿ ಎಸ್‌ಟಿ ಮೇಲೆದ್ದಿದೆ, ಅಂದರೆ ಹೃದಯದ ಕೆಳಭಾಗಕ್ಕೆ ರಕ್ತ ಸಾಲದ ಗುರುತು. ಹೆಚ್ಚಿನ ವಿದ್ಯಾರ್ಥಿಗಳು ಅಲ್ಲಿಗೇ ಹಾರ್ಟ್ ಅಟ್ಯಾಕ್ ಎಂದು ತೀರ್ಮಾನಿಸಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬರೆಯುತ್ತಾರೆ. ನೋವು ಹೇಗೆ ಶುರುವಾಯಿತು ಎಂದು ಕೇಳಿದವರಿಗೆ ಮಾತ್ರ "ಒಂದೇ ಸಲಕ್ಕೆ, ಬೆನ್ನು ಸೀಳಿದ ಹಾಗೆ" ಎಂಬ ಉತ್ತರ ಸಿಗುತ್ತದೆ. ಎರಡೂ ಕೈಗಳಲ್ಲಿ ಬಿಪಿ ನೋಡಿದವರಿಗೆ ವ್ಯತ್ಯಾಸ ಕಾಣುತ್ತದೆ. ಇಲ್ಲಿನ ನಿಜವಾದ ಕಾಯಿಲೆ ಬೇರೆ: ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರ ಹರಿದು, ಆ ಸೀಳು ಹೃದಯಕ್ಕೇ ರಕ್ತ ಕೊಡುವ ಬಲ ಕೊರೊನರಿಯ ಬಾಯಿಗೆ ಬಂದಾಗ ಇಸಿಜಿ ಹೀಗೇ ಕಾಣಬಹುದು. ಹೆಪಾರಿನ್ ಕೊಟ್ಟವರ ಕೇಸಿನಲ್ಲಿ ರಕ್ತಸ್ರಾವ ಹೆಚ್ಚಿ ಸ್ವಲ್ಪ ಹೊತ್ತಿಗೆ ಬಿಪಿ ಕುಸಿಯುತ್ತದೆ. ಇದನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ತೋರಿಸಿದರೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ತಾವೇ ಕೊಟ್ಟ ಔಷಧದಿಂದ ರೋಗಿ ಕೆಡುವುದನ್ನು ನೋಡಿದವರು ಮುಂದೆ ವಾರ್ಡಿಗೆ ಬಂದಾಗ, ಯಾರೂ ಹೇಳದೆಯೇ ಎರಡೂ ಕೈಗೆ ಕಫ್ ಕಟ್ಟುತ್ತಾರೆ. ನಿಜವಾದ ರೋಗಿಯ ಮೇಲೆ ಇದನ್ನು ಕಲಿಯಲು ಯಾರನ್ನೂ ಬಿಡಲಾಗದು. ಈ ತಂತ್ರಾಂಶವನ್ನು ಬಿಡದೆ ಇಟ್ಟುಕೊಂಡಿರುವುದೇ ಇದಕ್ಕಾಗಿ.

ಇನ್ನೊಂದು ಒಳ್ಳೆಯ ಅಂಶ, ಒಳಗಿನ ಗಡಿಯಾರ. ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ಕಳಿಸಿದರೆ ಫಲಿತಾಂಶ ತಕ್ಷಣ ಬರುವುದಿಲ್ಲ, ಕಾಯಬೇಕು. ಕಾಯುವಾಗ ರೋಗಿಯ ಸ್ಥಿತಿ ಬದಲಾಗುತ್ತಿರುತ್ತದೆ. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೂರನೇ ಹಂತದಲ್ಲಿ ಇಂಥ ಕೇಸುಗಳು 1999ರಿಂದಲೇ ಇವೆ. ಡಯಾಬಿಟಿಕ್ ಕೀಟೋಅಸಿಡೋಸಿಸ್ (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾಗುವ ತುರ್ತುಸ್ಥಿತಿ) ಕೇಸಿನಲ್ಲಿ ಈ ಗಡಿಯಾರದ ಬೆಲೆ ಗೊತ್ತಾಗುತ್ತದೆ: ಪೊಟ್ಯಾಸಿಯಂ 3.1, ಅಂದರೆ ಕಡಿಮೆ, ಎಂದು ಬರುವ ಮೊದಲೇ, ಅದನ್ನು ಇನ್ನೂ ಇಳಿಸುವ ಇನ್ಸುಲಿನ್ ಹಚ್ಚಿದವರಿಗೆ ಮಾನಿಟರಿನಲ್ಲಿ ಹೃದಯದ ಲಯ ತಪ್ಪುವುದು ಕಾಣುತ್ತದೆ.

ಕೊರತೆಗಳೂ ಇವೆ. ನಾವು ಮೊದಲು ಬಳಸಿದ ಆವೃತ್ತಿಯಲ್ಲಿ ಹಿಸ್ಟರಿಯ (ರೋಗಿಯ ಕಾಯಿಲೆಯ ವಿವರ ಕೇಳುವ) ಪ್ರಶ್ನೆಗಳೆಲ್ಲ ಪಟ್ಟಿಯಾಗಿ ಕಣ್ಣೆದುರಿಗೇ ಇದ್ದವು. ವಿದ್ಯಾರ್ಥಿಗಳು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಒತ್ತುತ್ತಿದ್ದರು, ಅಂಕವೂ ಅವರಿಗೇ ಹೆಚ್ಚು ಬರುತ್ತಿತ್ತು. ಏನು ಕೇಳಬೇಕು ಎಂದು ಹೊಳೆಯುವುದೇ ಕಲಿಕೆ ಆಗಿರುವಾಗ ಪ್ರಶ್ನೆಯನ್ನೇ ಕೈಗಿಡುವುದು ಸರಿಯಲ್ಲ. ಈಗಿನದರಲ್ಲಿ ಪ್ರಶ್ನೆಯನ್ನು ನಾವೇ ಟೈಪ್ ಮಾಡಬೇಕು. ವಾಕ್ಯ ಸ್ವಲ್ಪ ಬದಲಾದರೆ ಕೆಲವೊಮ್ಮೆ ಅದಕ್ಕೆ ಅರ್ಥವಾಗುವುದಿಲ್ಲ, ಆದರೂ ಹಳೆಯದಕ್ಕಿಂತ ಎಷ್ಟೋ ಮೇಲು.

ದೈಹಿಕ ಪರೀಕ್ಷೆಯ ಭಾಗ ದುರ್ಬಲ. ಹೃದಯದ ಮರ್ಮರ್ (ಬಡಿತದ ನಡುವಿನ ಅಸಹಜ ಸದ್ದು) ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ "ಹೊಟ್ಟೆ ಗಟ್ಟಿಯಾಗಿದೆ, ಗಾರ್ಡಿಂಗ್ (ಮುಟ್ಟಿದರೆ ಸ್ನಾಯು ಬಿಗಿಯುವುದು) ಇದೆ" ಎಂದು ಬರೆದು ತೋರಿಸಿದರೆ ಬೆರಳಿಗೆ ತಿಳಿಯಬೇಕಾದದ್ದು ಕಣ್ಣಿಗೆ ಸಿದ್ಧವಾಗಿ ಸಿಕ್ಕಂತಾಯಿತು. ಉತ್ತರ ಹೇಳಲು ಹಿಂಜರಿಯುವ ರೋಗಿ, ಮಧ್ಯೆ ಬಾಯಿ ಹಾಕುವ ಮನೆಯವರು ಇಲ್ಲಿ ಇಲ್ಲ. ಇವಕ್ಕೆ ವಾರ್ಡೇ ಬೇಕು.

51 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಒಂದು ವಿಶ್ಲೇಷಣೆ, ವಿಷಯಜ್ಞಾನದಲ್ಲಿ ವರ್ಚುವಲ್ ಪೇಷೆಂಟ್ ಕಲಿಕೆ ಸಾಂಪ್ರದಾಯಿಕ ಬೋಧನೆಗೆ ಸರಿಸಮ, ಕೌಶಲದಲ್ಲಿ ಅದಕ್ಕಿಂತ ಮುಂದೆ ಎಂದು ಕಂಡುಕೊಂಡಿತು. ನಾನು ತರಗತಿಯಲ್ಲಿ ನೋಡಿದ್ದೂ ಹಾಗೆಯೇ, ಅದರಲ್ಲೂ ಇಬ್ಬರು ಮೂವರು ಒಂದೇ ಪರದೆಯ ಮುಂದೆ ಕೂತು ವಾದ ಮಾಡಿದಾಗ. ಒಬ್ಬರೇ ಮಾಡಿದರೆ ಬೇಗ ಬೇಗ ಒತ್ತಿ ಮುಗಿಸಿಬಿಡುತ್ತಾರೆ. ಕೇಸ್ ಮುಗಿದ ಮೇಲೆ "ಇಲ್ಲಿ ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿ ಚರ್ಚಿಸಲು ಅಷ್ಟೇ ಹೊತ್ತು ಮೀಸಲಿಡಿ.

ನಿಮ್ಮ ಸಂಸ್ಥೆಗೆ ಕೊಳ್ಳುವ ಯೋಚನೆಯಿದ್ದರೆ ಕೇಸುಗಳ ಸಂಖ್ಯೆ ನೋಡಬೇಡಿ. ಒಂದು ಕೇಸನ್ನು ಬೇಕೆಂದೇ ತಪ್ಪು ದಾರಿಯಲ್ಲಿ ಕೊನೆಯವರೆಗೂ ನಡೆಸಿ. ರೋಗಿ ಅದಕ್ಕೆ ತಕ್ಕಂತೆ ಕೆಡುತ್ತಾನಾ, ಕೊನೆಯ ವರದಿ ಎಲ್ಲಿ ದಾರಿ ತಪ್ಪಿತೆಂದು ಕಾರಣ ಸಮೇತ ಹೇಳುತ್ತದಾ ಎಂದು ನೋಡಿ. ಔಷಧಗಳ ಪ್ರಮಾಣವನ್ನು ಎಷ್ಟು ಕಾಲಕ್ಕೊಮ್ಮೆ ತಿದ್ದುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೇಸುಗಳನ್ನು ನಾವೇ ತಿದ್ದಲು ಅವಕಾಶ ಇದ್ದರೆ ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ಆರಿಸಿ.